ಬಿಎಲ್‌ಡಿಸಿ ಫ್ಯಾನ್ ಬಂದ ಮೇಲೆ ಗೋಡೆಯ ಹಳೇ ರೆಗ್ಯುಲೇಟರ್ ಕಳಚುವ ಕೆಲಸ

ಮಲ್ಪೆ ಕಡೆಯ ಆ ಮನೆಯಲ್ಲಿ ಐದು ಸೀಲಿಂಗ್ ಫ್ಯಾನ್. ಐದನ್ನೂ ಇಳಿಸಿ ರಿಮೋಟಿನ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ ಮೋಟಾರಿನ) ಫ್ಯಾನ್ ಹಾಕಿಸಿ ಆಗಿತ್ತು. ಗೋಡೆಯ ರೆಗ್ಯುಲೇಟರ್‌ಗಳು ಮಾತ್ರ ಇದ್ದಲ್ಲೇ ಇದ್ದವು. ಎಲ್ಲದರ ನಾಬನ್ನೂ 5ಕ್ಕೆ ತಿರುಗಿಸಿ, ಯಾರೂ ಮುಟ್ಟದಿರಲಿ ಎಂದು ಮೇಲೊಂದು ಟೇಪ್ ಅಂಟಿಸಿ ಬಿಟ್ಟಿದ್ದರು. ಫ್ಯಾನ್ ಹಾಕಲು ಬರುವವರ ಕೆಲಸ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಸ್ವಲ್ಪ ಸಮಯದಲ್ಲೇ ಚಾವಡಿಯ ಫ್ಯಾನ್ ಓಡುತ್ತಿದ್ದ ಹಾಗೇ ನಿಲ್ಲುವುದು, ಬೀಪ್ ಎಂದು ಸದ್ದು ಮಾಡಿ ಮತ್ತೆ ಶುರುವಾಗುವುದು, ಒಮ್ಮೊಮ್ಮೆ ರಿಮೋಟಿಗೆ ಜಪ್ಪಯ್ಯ ಎಂದರೂ ಬಗ್ಗದಿರುವುದು ಮೊದಲಾಯಿತು. ಫ್ಯಾನ್ ಕೆಟ್ಟಿರಲಿಲ್ಲ. ಕೆಟ್ಟದ್ದು ಟೇಪಿನ ಅಡಿಯಲ್ಲಿದ್ದ ರೆಗ್ಯುಲೇಟರಿನ ಸಂಪರ್ಕ. ಐದನ್ನೂ ಕಳಚಿ, ವೈರುಗಳನ್ನು ಸರಿಯಾಗಿ ಕೂಡಿಸಿ, ಬೋರ್ಡುಗಳನ್ನು ಮುಚ್ಚಿ ಕೊಟ್ಟ ಕೆಲಸದ ವಿವರ ಇಲ್ಲಿದೆ.

ಫ್ಯಾನ್ ಬದಲಾಯಿಸಿದ್ದು ತಪ್ಪಲ್ಲ. 1200 ಮಿ.ಮೀ. ಅಂದರೆ 48 ಇಂಚಿನ ಹಳೇ ಫ್ಯಾನ್ ಪೂರ್ತಿ ವೇಗದಲ್ಲಿ 70ರಿಂದ 80 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಸುಮಾರು 30. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಐದೂ ಅಷ್ಟೇ ಹೊತ್ತು ಓಡಿದರೆ 80 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಮಾರ್ಚ್‌ನಿಂದ ಮೇ ತನಕ ಹಗಲೂ ರಾತ್ರಿ ಫ್ಯಾನ್ ಓಡುವ ನಮ್ಮ ಕರಾವಳಿಯಲ್ಲಿ ಈ ಲೆಕ್ಕ ಸಣ್ಣದಲ್ಲ.

ರೆಗ್ಯುಲೇಟರನ್ನು 5ರಲ್ಲಿ ಇಟ್ಟರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಮಾಮೂಲಿ ಫ್ಯಾನಿನಲ್ಲಿ ಇರುವುದು ಇಂಡಕ್ಷನ್ ಮೋಟಾರ್. ಅದಕ್ಕೆ ಸಿಗುವ ವೋಲ್ಟೇಜ್ ಇಳಿಸಿದರೆ ವೇಗವೂ ಇಳಿಯುತ್ತದೆ, ರೆಗ್ಯುಲೇಟರ್ ಮಾಡುವ ಕೆಲಸ ಅಷ್ಟೇ. ಬಿಎಲ್‌ಡಿಸಿ ಫ್ಯಾನಿನ ಕ್ರಮ ಬೇರೆ. ಅದರೊಳಗಿನ ಬೋರ್ಡ್ 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ, ಆಮೇಲೆ ತನಗೆ ಬೇಕಾದ ಹಾಗೆ ಸುರುಳಿಗಳಿಗೆ ಸರದಿಯಲ್ಲಿ ಕರೆಂಟ್ ಕೊಟ್ಟು ಮೋಟಾರನ್ನು ತಿರುಗಿಸುತ್ತದೆ. ಹೊರಗಿನಿಂದ ವೋಲ್ಟೇಜ್ ಇಳಿಸಿದರೆ ಅದು ನಿಧಾನವಾಗುವುದಿಲ್ಲ. ಕಡಿಮೆಯಾದ ವೋಲ್ಟೇಜನ್ನು ಸರಿದೂಗಿಸಲು ಹೆಚ್ಚು ಕರೆಂಟ್ ಎಳೆದುಕೊಂಡು ಅದೇ ವೇಗ ಉಳಿಸಿಕೊಳ್ಳಲು ನೋಡುತ್ತದೆ. ಎಳೆಯಲಾಗದ ಹಂತಕ್ಕೆ ಬಂದಾಗ ಆರಿ ಹತ್ತಿ ಮಾಡುತ್ತದೆ. ಹೀಗೇ ನಡೆದರೆ ಬೋರ್ಡ್ ಹೋಗುತ್ತದೆ. ಆ ಬೋರ್ಡಿಗೆ ಕೊಡಬೇಕಾದ ದುಡ್ಡು ಸಣ್ಣದಲ್ಲ. ಸಿಗುವುದೂ ಸುಲಭವಲ್ಲ.

ಆ ಮನೆಯಲ್ಲಿ ಮೂರು ಕಾಲದ ಮೂರು ಜಾತಿಯ ರೆಗ್ಯುಲೇಟರ್ ಸಿಕ್ಕವು. ಚಾವಡಿಯಲ್ಲಿ ಇದ್ದದ್ದು ದೊಡ್ಡ ಕಪ್ಪು ಡಬ್ಬಿಯ ರೆಸಿಸ್ಟೆನ್ಸ್ ರೆಗ್ಯುಲೇಟರ್. ಪಿಂಗಾಣಿಯ ಮೇಲೆ ಸುತ್ತಿದ ತಂತಿ, ಅದರ ಬೇರೆಬೇರೆ ಜಾಗದಿಂದ ಹಿತ್ತಾಳೆಯ ಗುಂಡಿಗಳಿಗೆ ಸಂಪರ್ಕ, ಅವುಗಳ ಮೇಲೆ ಜಾರುವ ಒಂದು ಪಟ್ಟಿ. 5ರಲ್ಲಿ ಇಟ್ಟರೆ ತಂತಿ ಬಿಟ್ಟುಹೋಗಿ ಫೇಸ್ ನೇರ ದಾಟುತ್ತದೆ, ನಿಜ. ಆದರೆ ದಾಟುವುದು ಆ ಜಾರುವ ಪಟ್ಟಿಯ ಮೂಲಕವೇ. ಸಮುದ್ರದ ಉಪ್ಪುಗಾಳಿಯಲ್ಲಿ ಹಿತ್ತಾಳೆ ಮೇಲೆ ಹಸಿರು ಕಿಲುಬು ಕೂತು, ಪಟ್ಟಿಯ ಸ್ಪ್ರಿಂಗ್ ಬಿಗಿ ಕಳೆದುಕೊಂಡರೆ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡುತ್ತದೆ. ಹಳೇ ಫ್ಯಾನಿನ ಭಾರದ ಮೋಟಾರ್ ಇದನ್ನು ಗಮನಿಸುವುದೂ ಇಲ್ಲ, ತನ್ನ ಓಟದಲ್ಲೇ ದಾಟಿಸಿಕೊಂಡು ಹೋಗುತ್ತದೆ. ಬಿಎಲ್‌ಡಿಸಿ ಬೋರ್ಡಿಗೆ ಪ್ರತಿ ಸಲ ಕರೆಂಟ್ ಹೋಗಿ ಬಂದ ಹಾಗೆ. ಕೂಡಿದಾಗಲೆಲ್ಲ ಒಳಗಿನ ಕೆಪಾಸಿಟರ್ ತುಂಬಲು ಒಮ್ಮೆಲೇ ಜೋರಾಗಿ ಕರೆಂಟ್ ನುಗ್ಗುತ್ತದೆ, ಸಂಪರ್ಕದಲ್ಲಿ ಕಿಡಿ ಹಾರಿ ಇನ್ನಷ್ಟು ಕರಿ ಕೂರುತ್ತದೆ. ಚಾವಡಿಯ ಫ್ಯಾನ್ ನಿಂತು ಬೀಪ್ ಎನ್ನುತ್ತಿದ್ದುದಕ್ಕೆ ಇದೇ ಕಾರಣ.

ಹಳೇ ಕೋಣೆಗಳೆರಡರಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ರೆಗ್ಯುಲೇಟರ್. ಇದು ಎಸಿಯ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಿಡುತ್ತದೆ. ಪೂರ್ತಿ ತಿರುಗಿಸಿದರೂ ಸ್ವಲ್ಪ ಕತ್ತರಿಸುವುದು ಇದ್ದೇ ಇದೆ. ಮೇಲಾಗಿ ಟ್ರಯಾಕ್ ಹತ್ತಿಕೊಂಡೇ ಇರಬೇಕಾದರೆ ಅದರ ಮೂಲಕ ಇಂತಿಷ್ಟು ಕರೆಂಟ್ ಹರಿಯುತ್ತಿರಬೇಕು. ಕಡಿಮೆ ವೇಗದಲ್ಲಿ ಹತ್ತು ವ್ಯಾಟೂ ಎಳೆಯದ ಫ್ಯಾನಿನಿಂದ ಅದು ಆಗುವುದಿಲ್ಲ. ಮೂರು ಜಾತಿಯಲ್ಲಿ ಬಿಎಲ್‌ಡಿಸಿಗೆ ಅತಿ ಕೆಟ್ಟದ್ದು ಇದೇ ಎಂಬುದು ನಮ್ಮ ಅಭಿಪ್ರಾಯ. ಆರ್‌ಸಿಸಿ (ಕಾಂಕ್ರೀಟ್) ಹಾಕಿ ಮುಂದುವರಿಸಿದ ಭಾಗದಲ್ಲಿ ಮಾಡ್ಯುಲರ್ ಬೋರ್ಡಿನ ಸ್ಟೆಪ್ ರೆಗ್ಯುಲೇಟರ್, ಅಂದರೆ ಒಳಗೆ ಒಂದೆರಡು ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುವಂಥದ್ದು. 5ರಲ್ಲಿ ಇದು ನೇರ ಸಂಪರ್ಕ. ಹೊಸದಾಗಿದ್ದರೆ ತಕ್ಷಣಕ್ಕೆ ತೊಂದರೆ ಕೊಡದು. ಆದರೆ ಮನೆಗೆ ಬಂದ ಮಗುವೋ ನೆಂಟರೋ 2ಕ್ಕೆ ತಿರುಗಿಸಿದರೆ ಮುಗಿಯಿತು.

ಕೆಲವು ಬಿಎಲ್‌ಡಿಸಿ ಫ್ಯಾನುಗಳು ಗೋಡೆಯ ರೆಗ್ಯುಲೇಟರ್ ಜೊತೆಗೂ ನಡೆಯುವಂತೆ ತಯಾರಾಗಿರುತ್ತವೆ. ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಸ್ಪಷ್ಟವಾಗಿ ಹಾಗೆ ಬರೆದಿದ್ದರೆ, ಯಾವ ಜಾತಿಯ ರೆಗ್ಯುಲೇಟರ್ ಎಂದೂ ಹೇಳಿದ್ದರೆ ಮಾತ್ರ ಅದನ್ನು ನಂಬಬಹುದು. ಈ ಮನೆಯ ಫ್ಯಾನಿನ ಪುಸ್ತಕದಲ್ಲಿ ರೆಗ್ಯುಲೇಟರ್ ತೆಗೆಯಿರಿ ಎಂದೇ ಇತ್ತು.

ಕೈಯಲ್ಲಿ ಇಟ್ಟುಕೊಂಡದ್ದು ಇಷ್ಟು: ಟೆಸ್ಟರ್, ಮಲ್ಟಿಮೀಟರ್, 40 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಟೆಸ್ಟ್ ಲ್ಯಾಂಪ್, ಇನ್ಸುಲೇಶನ್ ಹಿಡಿಕೆಯ ಕಟ್ಟಿಂಗ್ ಪ್ಲೇಯರ್, ವೈರ್ ಸ್ಟ್ರಿಪ್ಪರ್, ಸಣ್ಣ ದೊಡ್ಡ ಸ್ಕ್ರೂಡ್ರೈವರ್, 1.5 ಚದರ ಮಿ.ಮೀ. ತಾಮ್ರದ ವೈರ್ ಕೆಂಪು, ಕಪ್ಪು, ಹಸಿರು, ಲಿವರ್ ಇರುವ ಕನೆಕ್ಟರ್‌ಗಳು, ಮಾಡ್ಯುಲರ್ ಬೋರ್ಡಿಗೆ ಡಮ್ಮಿ ಪ್ಲೇಟ್, ಹಳೇ ಬೋರ್ಡಿನ ಮೇಲೆ ಮುಚ್ಚಲು ಹೊಸ ಹೈಲಂ ಶೀಟ್ (ಕರೆಂಟ್ ಹರಿಯದ ಗಟ್ಟಿ ಹಾಳೆ), ಹಿತ್ತಾಳೆಯ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂಗಳು. ಕಬ್ಬಿಣದ ಸ್ಕ್ರೂ ಈ ಕಡೆ ಬೇಡ. ಎರಡು ಮಳೆಗಾಲ ಕಳೆದರೆ ತಲೆ ಸವೆದು ಸ್ಕ್ರೂಡ್ರೈವರ್ ಕೂರುವುದಿಲ್ಲ, ಮುಂದೆ ಬಿಚ್ಚುವವರು ಪ್ಲೇಟನ್ನೇ ಒಡೆಯಬೇಕಾಗುತ್ತದೆ.

ಇನ್ನು ಕರೆಂಟ್ ತೆಗೆಯುವುದು. ನಮ್ಮೂರ ಮನೆಗಳಲ್ಲಿ ಹೆಚ್ಚು ಅಪಾಯ ಇರುವುದು ಇಲ್ಲಿ, ಇನ್ವರ್ಟರಿನಿಂದ. ಮೆಸ್ಕಾಂ ಕರೆಂಟ್ ಕೈಕೊಟ್ಟಾಗಲೂ ಓಡಬೇಕು ಎಂದು ಇನ್ವರ್ಟರಿಗೆ ಸೇರಿಸುವುದು ಮೊದಲು ಫ್ಯಾನನ್ನೇ. ಹಾಗಾಗಿ ಮೇನ್ ಸ್ವಿಚ್ ಇಳಿಸಿದ ಮರುಕ್ಷಣ ಇನ್ವರ್ಟರ್ ಎದ್ದು ಫ್ಯಾನಿನ ಲೈನಿಗೆ 230 ವೋಲ್ಟ್ ಕೊಡುತ್ತದೆ. ಮೇನ್ ಆಫ್ ಇದೆ ಎಂದು ಬೋರ್ಡಿಗೆ ಕೈಹಾಕಿದವರಿಗೆ ಹೊಡೆಯುವುದು ಆ ಕರೆಂಟ್. ಬರೀ ಇನ್ವರ್ಟರಿನ ಮುಂದಿನ ಬಟನ್ ಒತ್ತಿ ಮೇನ್ ಬಿಟ್ಟರೂ ಆಗದು. ಬಟನ್ ಆಫ್ ಇದ್ದರೂ ಮೆಸ್ಕಾಂ ಕರೆಂಟನ್ನು ನೇರ ದಾಟಿಸುವ ಇನ್ವರ್ಟರ್‌ಗಳು ಬೇಕಾದಷ್ಟಿವೆ. ಎರಡೂ ಆಫ್ ಆಗಬೇಕು. ನಾವು ಮೀಟರ್ ಪಕ್ಕದ ಮೇನ್ ಇಳಿಸಿ, ಇನ್ವರ್ಟರಿನ ಬಟನ್ ಆಫ್ ಮಾಡಿ, ಹಳೇ ಭಾಗದ ಕಿಟ್‌ಕ್ಯಾಟ್ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆವು. ಫ್ಯೂಸ್ ಜೇಬಿನಲ್ಲಿದ್ದರೆ ಬೇರೆ ಯಾರೂ ತಿಳಿಯದೆ ಹಾಕಲಾರರು. ಫ್ಯೂಸಿನ ಬದಲು ಎಂಸಿಬಿ (ಓವರ್‌ಲೋಡ್ ಆದರೆ ತಾನೇ ಬೀಳುವ ಸ್ವಿಚ್) ಇರುವ ಕಡೆ ಅದರ ಹಿಡಿಕೆಗೆ ಟೇಪ್ ಸುತ್ತಿ, ಬೋರ್ಡಿನ ಹತ್ತಿರ ಒಂದು ಚೀಟಿ ಅಂಟಿಸಿದ್ದಾಯಿತು.

ಕರೆಂಟ್ ಹೋಗಿದೆಯೇ ಎಂದು ನೋಡಲು ಟೆಸ್ಟರ್ ಒಂದನ್ನೇ ನಂಬಬಾರದು. ಮಳೆಗಾಲದ ಪಸೆ ಗೋಡೆಯಲ್ಲಿ, ಪಕ್ಕಪಕ್ಕ ಓಡುವ ಉದ್ದದ ವೈರುಗಳಲ್ಲಿ, ಎಲ್ಲಿಗೂ ಸೇರದ ವೈರೂ ಟೆಸ್ಟರಿನ ಬಲ್ಬನ್ನು ಮಿಣಮಿಣ ಉರಿಸುತ್ತದೆ. ಮಲ್ಟಿಮೀಟರ್ 50, 60, 80 ವೋಲ್ಟ್ ಎಂದೂ ತೋರಿಸಬಹುದು. ಅದು ಬರೀ ಸೋರಿಕೆಯ ವೋಲ್ಟೇಜ್, ಟೆಸ್ಟ್ ಲ್ಯಾಂಪ್ ಹಚ್ಚಿದರೆ ಮಾಯವಾಗುತ್ತದೆ. ತಿರುಗಾ, ಟೆಸ್ಟರ್ ಕೆಟ್ಟು ಉರಿಯದೆ ಇರುವುದೂ ಉಂಟು, ಅದು ಇನ್ನೂ ಅಪಾಯ. ಆದ್ದರಿಂದ ಆಫ್ ಮಾಡುವ ಮೊದಲೇ ಬೋರ್ಡಿನ ಪ್ಲಗ್ ಪಾಯಿಂಟಿನ ಫೇಸ್ ಮತ್ತು ನ್ಯೂಟ್ರಲ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದು ಉರಿಯುವುದನ್ನು ಕಂಡು, ಆಫ್ ಮಾಡಿ ಅದೇ ಜಾಗಕ್ಕೆ ಹಿಡಿದು ಆರಿದ್ದನ್ನು ಕಾಣಬೇಕು. ಬೋರ್ಡ್ ತೆರೆದ ಮೇಲೆ ಪ್ರತಿ ಟರ್ಮಿನಲ್‌ಗೂ ಇನ್ನೊಮ್ಮೆ. ಒಂದು ಎಚ್ಚರ: 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಮನೆಯಲ್ಲಿ ಟೆಸ್ಟ್ ಲ್ಯಾಂಪನ್ನು ಫೇಸಿಗೂ ಅರ್ಥಿಗೂ ನಡುವೆ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ. 40 ವ್ಯಾಟಿನ ಬಲ್ಬ್ 170 ಮಿಲಿಆಂಪಿಯರ್ ಎಳೆಯುತ್ತದಲ್ಲ. ಅಲ್ಲಿ ಮಲ್ಟಿಮೀಟರೇ ಸರಿ.

ಮೊದಲು ಕೈಹಾಕಿದ್ದು ಚಾವಡಿಯ ಬೋರ್ಡಿಗೆ. ಮರದ ಪೆಟ್ಟಿಗೆ, ಮೇಲೆ ಹೈಲಂ ಶೀಟ್, ನಾಲ್ಕು ಮೂಲೆಗೆ ಸ್ಕ್ರೂ. ಶೀಟನ್ನು ಒಮ್ಮೆಲೇ ಎಳೆಯಬಾರದು. ಹಿಂದಿನ ವೈರುಗಳು ದಶಕಗಳಿಂದ ಒಂದೇ ಭಂಗಿಯಲ್ಲಿ ಕೂತು ಬಿರುಸಾಗಿರುತ್ತವೆ, ಎಳೆದರೆ ಟರ್ಮಿನಲ್ ಹತ್ತಿರವೇ ಮುರಿಯುತ್ತವೆ. ಕೆಳಗಿನ ಎರಡು ಸ್ಕ್ರೂ ತೆಗೆದು, ಮೇಲಿನವನ್ನು ಸಡಿಲಿಸಿ, ಶೀಟನ್ನು ಅಡಿಯಿಂದ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ನಾಬಿನ ಸುತ್ತಲಿನ ಸಂದಿಯಲ್ಲಿ ಕುಂಬಾರ ಹುಳ ನುಗ್ಗಿ ರೆಗ್ಯುಲೇಟರಿನ ಎರಡು ಟರ್ಮಿನಲ್ ನಡುವೆಯೇ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಒಣಗಿದ ಮಣ್ಣು ಏನೂ ಮಾಡದು. ಜೂನ್ ಕಳೆದು ಮುರಕಲ್ಲಿನ ಗೋಡೆ ನೀರು ಕುಡಿದ ಮೇಲೆ ಅದೇ ಮಣ್ಣು ಪಸೆ ಹೀರಿ, ಗಾಳಿಯ ಉಪ್ಪು ಸೇರಿ, ಕರೆಂಟ್ ಹರಿಯುವ ದಾರಿಯಾಗುತ್ತದೆ. ಗೂಡಿನ ಅಡಿಯಲ್ಲಿ ಬೇಕಲೈಟ್ ಮೇಲೆ ಒಂದು ಟರ್ಮಿನಲಿನಿಂದ ಇನ್ನೊಂದರ ಕಡೆಗೆ ಕೂದಲೆಳೆಯ ಹಾಗೆ ಕರಿ ಗೆರೆ ಹೋಗಿತ್ತು. ಬಿದಿರಿನ ಕಡ್ಡಿಯಿಂದ ಗೂಡು ಕೆರೆದು, ಒಣ ಬ್ರಷ್‌ನಿಂದ ಗುಡಿಸಿ ತೆಗೆದದ್ದಾಯಿತು. ಇಂಥಲ್ಲಿ ನೀರು, ಸೀಮೆಎಣ್ಣೆ, ಹುಳದ ಸ್ಪ್ರೇ ಯಾವುದೂ ಕೂಡದು.

ವೈರ್ ಬಿಚ್ಚುವ ಮೊದಲು ಫೋಟೊ ತೆಗೆದು, ಪ್ರತಿ ವೈರಿಗೂ ಕಾಗದದ ಟೇಪಿನಲ್ಲಿ ಗುರುತು ಬರೆದು ಸುತ್ತಬೇಕು. ಬಣ್ಣದ ಲೆಕ್ಕ ಹಿಡಿದು ಹೋದರೆ ಕೆಡುತ್ತದೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ನಿಯಮವೇನೋ ಹೌದು, ಆದರೆ ಹಳೇ ಮನೆಗಳಲ್ಲಿ ಆ ದಿನ ಅಂಗಡಿಯಲ್ಲಿ ಯಾವ ಬಣ್ಣದ ಸುರುಳಿ ಸಿಕ್ಕಿತೋ ಅದು ಫೇಸ್. ಈ ಬೋರ್ಡಿನಲ್ಲಿ ಫ್ಯಾನಿಗೆ ಏರುವ ಫೇಸ್ ಕಪ್ಪು ಬಣ್ಣದ್ದೇ ಇತ್ತು. ರೆಗ್ಯುಲೇಟರಿಗೆ ಬರುವುದು ಎರಡೇ ವೈರ್: ಒಂದು ಪಕ್ಕದ ಸ್ವಿಚ್ಚಿನಿಂದ ಬರುವ ಗೇಣುದ್ದದ ತುಂಡು, ಇನ್ನೊಂದು ಗೋಡೆಯೊಳಗೆ ಹೋಗಿ ಫ್ಯಾನಿಗೆ ಏರುವುದು. ನ್ಯೂಟ್ರಲ್ ಇಲ್ಲಿಗೆ ಬರುವುದಿಲ್ಲ. ಕೆಪಾಸಿಟರಿನ ರೆಗ್ಯುಲೇಟರ್ ಆದರೆ ಬಿಚ್ಚುವ ಮೊದಲು ಎರಡು ಟರ್ಮಿನಲನ್ನೂ ಟೆಸ್ಟ್ ಲ್ಯಾಂಪಿನ ತುದಿಗಳಿಂದ ಕ್ಷಣಕಾಲ ಮುಟ್ಟಿಸಿ ಉಳಿದ ಚಾರ್ಜ್ ಇಳಿಸಬೇಕು. ಒಳಗೆ ಅದಕ್ಕೆಂದೇ ರೆಸಿಸ್ಟರ್ ಇರುತ್ತದೆ, ಸುಟ್ಟುಹೋಗಿದ್ದರೆ ಹೊರಗಿನಿಂದ ತಿಳಿಯದು.

ಇನ್ನು ಕೂಡಿಸುವ ಕೆಲಸ. ರೆಗ್ಯುಲೇಟರ್ ತೆಗೆಯುವುದು ಎರಡು ಸ್ಕ್ರೂ ಬಿಚ್ಚುವಷ್ಟು ಸುಲಭ. ಅದು ಬಿಟ್ಟುಹೋದ ಎರಡು ತುದಿಗಳನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ಸುರಕ್ಷತೆ ನಿಂತಿದೆ. ಎರಡೂ ತುದಿ ಹೆಣೆದು, ಟೇಪ್ ಸುತ್ತಿ, ಒಳಗೆ ತುರುಕಿ ಶೀಟ್ ಮುಚ್ಚುವ ಪದ್ಧತಿಯೇ ಊರಲ್ಲೆಲ್ಲ ಇದೆ. ಕರಾವಳಿಯಲ್ಲಿ ಅದು ಬಾಳುವುದಿಲ್ಲ. ಸೆಕೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಹೆಣೆದ ತಾಮ್ರದೊಳಗೆ ಉಪ್ಪಿನ ಪಸೆ ಇಳಿದು ಹಸಿರಾಗುತ್ತದೆ, ಜಾಯಿಂಟ್ ಬಿಸಿಯಾಗುತ್ತದೆ.

ಒಳ್ಳೆಯ ದಾರಿ ಎಂದರೆ ಜಾಯಿಂಟೇ ಇಲ್ಲದ ಹಾಗೆ ಮಾಡುವುದು. ಸ್ವಿಚ್ಚಿನಿಂದ ರೆಗ್ಯುಲೇಟರಿಗೆ ಬರುವ ತುಂಡನ್ನು ಪೂರ್ತಿ ತೆಗೆದುಬಿಟ್ಟು, ಫ್ಯಾನಿಗೆ ಏರುವ ವೈರನ್ನು ನೇರ ಸ್ವಿಚ್ಚಿನಿಂದ ಕರೆಂಟ್ ಹೊರಡುವ ಟರ್ಮಿನಲ್‌ಗೆ ಹಾಕಬೇಕು. ಆರ್‌ಸಿಸಿ ಭಾಗದ ಎರಡು ಬೋರ್ಡಿನಲ್ಲೂ ಹಾಗೇ ಆಯಿತು, ವೈರ್ ಆರಾಮವಾಗಿ ಮುಟ್ಟಿತು. ಕಿಲುಬು ಹಿಡಿದ ತುದಿಯನ್ನು ಹೊಳೆಯುವ ತಾಮ್ರ ಬರುವ ತನಕ ಕತ್ತರಿಸಿ, 8ರಿಂದ 10 ಮಿ.ಮೀ. ಸಿಪ್ಪೆ ತೆಗೆದು, ಎಳೆಗಳನ್ನು ಬಿಗಿಯಾಗಿ ತಿರುಚಿ ಮಡಚಿ ಟರ್ಮಿನಲಿನೊಳಗೆ ಇಟ್ಟು ಸ್ಕ್ರೂ ಬಿಗಿದೆವು. ಬೋರ್ಡಿನ ಉಳಿದ ಕೆಲಸ ಮುಗಿಸಿ ಬಂದು ಅದೇ ಸ್ಕ್ರೂವನ್ನು ಇನ್ನೊಮ್ಮೆ ಬಿಗಿಯಬೇಕು, ಪ್ರತಿ ಸಲವೂ ಕಾಲು ಸುತ್ತು ಸಿಗುತ್ತದೆ. ಸಿಪ್ಪೆ ಹೆಚ್ಚು ತೆಗೆದರೆ ಬೆತ್ತಲೆ ತಾಮ್ರ ಹೊರಗೆ ಕಾಣುತ್ತದೆ, ಕಡಿಮೆ ತೆಗೆದರೆ ಸ್ಕ್ರೂ ಸಿಪ್ಪೆಯ ಮೇಲೇ ಕೂತು ಸಂಪರ್ಕವೇ ಆಗುವುದಿಲ್ಲ. ಎರಡನೆಯ ದೋಷ ಕೆಲವೊಮ್ಮೆ ವಾರಗಟ್ಟಲೆ ಕಾಣಿಸಿಕೊಳ್ಳದು, ಫ್ಯಾನ್ ಓಡುತ್ತಲೇ ಇರುತ್ತದೆ.

ಕೋಣೆಯ ಒಂದು ಬೋರ್ಡಿನಲ್ಲಿ ವೈರ್ ಎರಡಿಂಚು ಸಾಲಲಿಲ್ಲ. ಅಲ್ಲಿ ಲಿವರ್ ಕನೆಕ್ಟರ್ ಹಾಕಿ 1.5 ಚದರ ಮಿ.ಮೀ. ಹೊಸ ತುಂಡಿನಿಂದ ಸ್ವಿಚ್ಚಿಗೆ ಕೊಟ್ಟೆವು. ಈ ಕನೆಕ್ಟರಿಗೆ ಸಿಪ್ಪೆ ತೆಗೆಯಬೇಕಾದ ಉದ್ದ ಅದರ ಮೈಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 11 ಮಿ.ಮೀ. ವೈರ್ ಕೊನೆಯ ತನಕ ಹೋಗಿದೆಯೇ ಎಂದು ಪಾರದರ್ಶಕ ಮೈಯಿಂದ ನೋಡಿ, ಲಿವರ್ ಮುಚ್ಚಿ, ಒಂದೊಂದನ್ನೂ ಜಗ್ಗಿ ನೋಡಬೇಕು. ಮಾಮೂಲಿ ಕಪ್ಪು ಅಥವಾ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿ ಕನೆಕ್ಟರೂ ನಡೆಯುತ್ತದೆ, ಒಳಗೆ ಹಿತ್ತಾಳೆ ಇದ್ದರೆ. ಅಗ್ಗದವುಗಳಲ್ಲಿ ಇರುವುದು ಬಣ್ಣ ಬಳಿದ ಕಬ್ಬಿಣ. ಅಯಸ್ಕಾಂತ ಹಿಡಿದರೆ ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಕೋಣೆಯಲ್ಲಿ ಬೇರೆಯೇ ತಕರಾರು. ಅಳತೆಗೆಂದು ಕರೆಂಟ್ ಕೊಟ್ಟು ನೋಡಿದಾಗ ಸ್ವಿಚ್ ಆಫ್ ಇದ್ದರೂ ಸೀಲಿಂಗ್ ರೋಸಿನಲ್ಲಿ (ಫ್ಯಾನಿನ ವೈರ್ ಕೂಡುವ ಮೇಲಿನ ಡಬ್ಬಿಯಲ್ಲಿ) ಅರ್ಥಿಗೆ 230 ವೋಲ್ಟ್. ಸ್ವಿಚ್ ಕೂತದ್ದು ನ್ಯೂಟ್ರಲಿನಲ್ಲಿ. ಆ ಕೋಣೆಗೆ ಬರುವ ಜೋಡಿ ವೈರ್ ಜಂಕ್ಷನ್ ಬಾಕ್ಸಿನಲ್ಲೇ ಅದಲುಬದಲಾಗಿತ್ತು. ಎಲ್‌ಇಡಿ ಬಲ್ಬ್ ಆರಿಸಿದರೂ ರಾತ್ರಿ ಮಬ್ಬಾಗಿ ಹೊಳೆಯುತ್ತದೆ ಎಂದು ಮನೆಯವರು ಹೇಳುತ್ತಿದ್ದುದಕ್ಕೂ ಇದೇ ಮೂಲ. ಇಂಥ ಲೈನಿನಲ್ಲಿ ಸ್ವಿಚ್ ಆಫ್ ಮಾಡಿ ಫ್ಯಾನ್ ಒರೆಸಲು ಹತ್ತಿದವರ ತಲೆಯ ಮೇಲೆ ಜೀವಂತ ಫೇಸ್ ಇರುತ್ತದೆ. ಬೋರ್ಡಿನಲ್ಲಿ ಒಂದು ಫ್ಯಾನಿಗೆ ಮಾತ್ರ ಸರಿಮಾಡಿದರೆ ಉಳಿದ ಪಾಯಿಂಟುಗಳು ಹಾಗೇ ಉಳಿಯುತ್ತವೆ. ಆದ್ದರಿಂದ ಜಂಕ್ಷನ್ ಬಾಕ್ಸ್ ತೆರೆದು ಅಲ್ಲೇ ಸರಿಪಡಿಸಿ, ಪ್ಲಗ್ ಪಾಯಿಂಟಿನ ಬಲಬದಿಗೆ ಫೇಸ್ ಬಂತೇ ಎಂದು ನೋಡಿ ಮುಚ್ಚಿದ್ದಾಯಿತು.

ಮತ್ತೆ ಚಾವಡಿ. ಅಲ್ಲಿನ ವೈರ್ ಅಲ್ಯೂಮಿನಿಯಂ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಓಡಿಸಿದ ಬ್ಯಾಟನ್ ವೈರಿಂಗ್, ಮುಚ್ಚಿಗೆಯ ಹಲಗೆಯಡಿ ಫ್ಯಾನಿನ ತನಕ. ಅಲ್ಯೂಮಿನಿಯಮ್ಮಿಗೆ ಮೂರು ಕೆಟ್ಟ ಗುಣಗಳಿವೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕರೆಂಟ್ ಹರಿಯಗೊಡದ ತೆಳ್ಳನೆಯ ಪೊರೆ ಬರುತ್ತದೆ. ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಸರಿಯುವುದರಿಂದ ಇಂದು ಬಿಗಿದದ್ದು ವರ್ಷದಲ್ಲಿ ಸಡಿಲ. ಮೂರನೆಯದು ನಮ್ಮ ಕಡೆ ಮುಖ್ಯ: ತಾಮ್ರದ ಜೊತೆ ನೇರ ಕೂಡಿಸಿ ಉಪ್ಪಿನ ಪಸೆ ತಾಗಿದರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹಿತ್ತಾಳೆಯ ಟರ್ಮಿನಲಿನಲ್ಲೂ ಅದೇ ಕತೆ. ಇಲ್ಲಿ ವೈರ್ ಮುಟ್ಟಿದ ಕಡೆ ಬಿಳಿ ಪುಡಿ ಇತ್ತು. ಸಿಪ್ಪೆ ತೆಗೆಯುವಾಗ ಸ್ಟ್ರಿಪ್ಪರಿನ ಅಂಚು ತಾಗಿದಲ್ಲೇ ಕಡ್ಡಿಯ ಹಾಗೆ ಮುರಿಯಿತು.

ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಮಾಡಲಿಲ್ಲ. ಬೋರ್ಡಿನಿಂದ ಫ್ಯಾನಿನ ತನಕ ಪಿವಿಸಿ ಕೇಸಿಂಗ್-ಕೇಪಿಂಗಿನಲ್ಲಿ 1.5 ಚದರ ಮಿ.ಮೀ. ತಾಮ್ರದ ಮೂರು ವೈರ್ ಹೊಸದಾಗಿ ಎಳೆದು, ಹಳೇ ಬ್ಯಾಟನ್ ಲೈನನ್ನು ಎರಡೂ ತುದಿಯಿಂದ ಬಿಡಿಸಿ ಪೂರ್ತಿ ತೆಗೆದೆವು. ಒಂದು ತುದಿ ಬಿಟ್ಟು ಗೋಡೆಯ ಮೇಲೆ ಹಾಗೇ ಉಳಿಸಿದ ಲೈನ್ ಮುಂದೆ ಯಾರಿಗೋ ಅಪಾಯ. ಹೊಸ ವೈರಿಗೆ ಬಾಕ್ಸಿನೊಳಗೆ 15 ಸೆಂ.ಮೀ., ಫ್ಯಾನಿನ ಮೇಲ್ತುದಿಯ ಜಾಯಿಂಟ್ ಮುಚ್ಚುವ ಬಟ್ಟಲಿನ, ಅಂದರೆ ಕಪ್ಪಿನ, ಹತ್ತಿರ ಅಷ್ಟೇ ಉದ್ದ ಹೆಚ್ಚು ಬಿಟ್ಟರೆ ಮುಂದೆ ತುದಿ ಕತ್ತರಿಸಿ ಹಾಕಲು ಅನುಕೂಲ. ಸ್ವಿಚ್, ಫ್ಯಾನ್, ಫ್ಯೂಸ್ ಬದಲಾಯಿಸುವುದಕ್ಕೆ ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ ವಿನಾಯಿತಿ ಇದೆ. ಹೀಗೆ ಹೊಸ ಲೈನ್ ಎಳೆಯುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮಾಡಬೇಕಾದ ಕೆಲಸ. ಮನೆಯವರೇ ರೆಗ್ಯುಲೇಟರ್ ತೆಗೆಯಲು ಹೊರಟು, ಶೀಟ್ ಎತ್ತಿದಾಗ ಬೆಳ್ಳಿ ಬಣ್ಣದ ವೈರೋ, ಮುಟ್ಟಿದರೆ ಉದುರುವ ರಬ್ಬರ್ ಸಿಪ್ಪೆಯ ವೈರೋ ಕಂಡರೆ, ಅಲ್ಲಿಗೇ ನಿಲ್ಲಿಸಿ ಶೀಟ್ ಮುಚ್ಚುವುದು ಒಳ್ಳೆಯದು.

ಮೂರನೆಯ ವೈರ್ ಅರ್ಥ್. ಹಳೇ ಲೈನಿನಲ್ಲಿ ಅದು ಇರಲೇ ಇಲ್ಲ. ಲೋಹದ ಮೈಯ ಫ್ಯಾನಿಗೆ ಅರ್ಥ್ ಟರ್ಮಿನಲ್ ಇದ್ದರೆ ಅದನ್ನು ಖಾಲಿ ಬಿಡಬಾರದು. ಉಳಿದ ನಾಲ್ಕು ಫ್ಯಾನಿನ ಕಪ್ ಇಳಿಸಿ ನೋಡಿದಾಗ ಎರಡರಲ್ಲಿ ಹಸಿರು ವೈರ್ ಮೇಲೆ ಸುತ್ತಿಟ್ಟ ಹಾಗೇ ಇತ್ತು, ಹಾಕಿಕೊಟ್ಟೆವು. ಕಪ್ಪಿನೊಳಗಿನ ಟೇಪ್ ಜಾಯಿಂಟುಗಳನ್ನೂ ತೆಗೆದು ಕನೆಕ್ಟರ್ ಹಾಕಿದ್ದು ಇದೇ ವೇಳೆ. ಏಣಿ ಹತ್ತಿದ ಮೇಲೆ ಡೌನ್ ರಾಡಿನ ಬೋಲ್ಟಿನ ಸ್ಪ್ಲಿಟ್ ಪಿನ್ ನೋಡದೆ ಇಳಿಯಬಾರದು. ತುಕ್ಕು ಹಿಡಿದಿದ್ದರೆ ಬದಲಾಯಿಸಬೇಕು.

ರೆಗ್ಯುಲೇಟರ್ ಹೋದ ಮೇಲೆ ಉಳಿದ ತೂತಿನ ವಿಷಯ. ಮಾಡ್ಯುಲರ್ ಬೋರ್ಡಿನಲ್ಲಿ ರೆಗ್ಯುಲೇಟರ್ ಒಂದು ಮಾಡ್ಯೂಲಿನದ್ದೋ ಎರಡರದ್ದೋ ಎಂದು ಎಣಿಸಿ, ಅದೇ ಕಂಪನಿಯ ಅದೇ ಸರಣಿಯ ಡಮ್ಮಿ ಪ್ಲೇಟ್ ತರಬೇಕು. ಬೇರೆ ಸರಣಿಯದ್ದು ಕೂತ ಹಾಗೆ ಕಂಡರೂ ಬೆರಳಿನಿಂದ ಒತ್ತಿದರೆ ಒಳಗೆ ಬೀಳುತ್ತದೆ. ಆ ಜಾಗಕ್ಕೆ ಯುಎಸ್‌ಬಿ ಚಾರ್ಜರ್ ಹಾಕಿಕೊಡಿ ಎಂದು ಮನೆಯ ಹುಡುಗರು ಕೇಳಿದರು. ಹಾಕಬಹುದು, ಆದರೆ ಅದಕ್ಕೆ ನ್ಯೂಟ್ರಲ್ ಬೇಕು, ರೆಗ್ಯುಲೇಟರ್ ಜಾಗದಲ್ಲಿ ನ್ಯೂಟ್ರಲ್ ಇಲ್ಲ. ಅದೇ ಬೋರ್ಡಿನ ಪ್ಲಗ್ ಪಾಯಿಂಟಿನಿಂದ, ಅದೂ ಅದೇ ಎಂಸಿಬಿಯ ಲೈನ್ ಆಗಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ತರಬೇಕು. ಫೇಸ್ ಇನ್ವರ್ಟರ್ ಲೈನಿನದ್ದು, ನ್ಯೂಟ್ರಲ್ ಬೇರೆ ಲೈನಿನದ್ದು ಆದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳಲು ಶುರುವಾಗುತ್ತದೆ, ಹುಡುಕಿ ಹುಡುಕಿ ಸಾಕಾಗುತ್ತದೆ. ಒಂದು ಕಡೆ ಚಾರ್ಜರ್ ಹಾಕಿ, ಉಳಿದ ಕಡೆ ಡಮ್ಮಿ ಸಾಕು ಎಂದೆವು.

ಹೈಲಂ ಶೀಟಿನ ದೊಡ್ಡ ತೂತಿಗೆ ಪ್ಲಾಸ್ಟಿಕ್ ತುಂಡು ಅಂಟಿಸುವುದಕ್ಕಿಂತ ಶೀಟನ್ನೇ ಹೊಸದಾಗಿ ಕೊರೆಸುವುದು ಲೇಸು. ಸ್ವಿಚ್ಚಿನ ಸುತ್ತ ಸಂದಿ ಬಿಡದ ಹಾಗೆ ಕೊರೆದರೆ ಇರುವೆ, ಹಲ್ಲಿಮರಿ, ಕುಂಬಾರ ಹುಳಕ್ಕೆ ದಾರಿಯಿಲ್ಲ. ಹಾಗೆಂದು ಪೆಟ್ಟಿಗೆಯ ಸುತ್ತ ಸಿಲಿಕಾನ್ ಬಳಿದು ಸೀಲ್ ಮಾಡುವುದನ್ನು ನಾವು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಪಸೆ ಮುಂದಿನಿಂದ ಬರುವುದಲ್ಲ, ಹಿಂದಿನ ಗೋಡೆಯಿಂದ ಬರುತ್ತದೆ. ಮುಂದೆ ಸೀಲ್ ಮಾಡಿದರೆ ಬಂದ ಪಸೆ ಒಳಗೇ ಉಳಿಯುತ್ತದೆ. ಆಗುವುದಾದರೆ ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿಕೊಳ್ಳಬೇಕು. ಗೋಡೆ ಒಣಗಿರುತ್ತದೆ, ಪೆಟ್ಟಿಗೆಯೂ ಒಣಗಿದ್ದಾಗಲೇ ಮುಚ್ಚಿದಂತಾಗುತ್ತದೆ.

ರಿಮೋಟ್ ಇದೆಯಲ್ಲ, ಗೋಡೆಯ ಸ್ವಿಚ್ಚೂ ಏಕೆ ಎಂಬ ಮಾತಿಗೆ ಮಾತ್ರ ಜಗ್ಗಬಾರದು. ರಿಮೋಟಿನಲ್ಲಿ ಆಫ್ ಮಾಡಿದ ಫ್ಯಾನಿನ ಬೋರ್ಡ್ ಕರೆಂಟಿನಲ್ಲೇ ಇರುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆಗೆ, ಮತ್ತೆ ಅಕ್ಟೋಬರಿನಲ್ಲಿ, ಲೈನಿನಲ್ಲಿ ಬರುವ ಸಿಡಿಲಿನ ಹೊಡೆತಕ್ಕೆ ಮೊದಲು ಬಲಿಯಾಗುವುದು ಈ ಬೋರ್ಡುಗಳೇ. ಹಳೇ ಫ್ಯಾನಿಗೆ ಆ ಭಯ ಇಷ್ಟಿರಲಿಲ್ಲ. ಗುಡುಗು ಕೇಳಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡುವ ರೂಢಿ ಬೇಕು. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಇನ್ನೂ ಉತ್ತಮ, ಅರ್ಥಿಂಗ್ ಸರಿಯಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಮುಚ್ಚುವ ಮೊದಲು ಪರೀಕ್ಷೆ. ಕರೆಂಟ್ ಇಲ್ಲದೆ, ಸ್ವಿಚ್ ಆನ್ ಮಾಡಿ, ಸ್ವಿಚ್ಚಿಗೆ ಕರೆಂಟ್ ಬರುವ ಟರ್ಮಿನಲಿನಿಂದ ಫ್ಯಾನಿನ ಕಪ್ಪಿನ ತನಕ ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು. ಒಂದು ಓಮಿಗಿಂತ ಕಡಿಮೆ ಬರಬೇಕು. ಅಂಕಿ ಕುಣಿಯುತ್ತಿದ್ದರೆ ಎಲ್ಲೋ ಸಡಿಲ ಇದೆ. ಇನ್ಸುಲೇಶನ್ ನೋಡಲು 500 ವೋಲ್ಟಿನ ಮೆಗ್ಗರ್ ಹಚ್ಚುವುದಾದರೆ ಫ್ಯಾನನ್ನು ಲೈನಿನಿಂದ ಬಿಡಿಸಲೇಬೇಕು, ಇಲ್ಲವಾದರೆ ಮೆಗ್ಗರಿನ ವೋಲ್ಟೇಜೇ ಬಿಎಲ್‌ಡಿಸಿ ಬೋರ್ಡನ್ನು ಸುಡಬಹುದು. 1 ಮೆಗಾಓಮ್‌ಗಿಂತ ಕೆಳಗೆ ಬಂದ ಲೈನಿಗೆ ಕರೆಂಟ್ ಕೊಡಬಾರದು. ಕರೆಂಟ್ ಕೊಟ್ಟ ಮೇಲೆ ಸ್ವಿಚ್ ಆನ್‌ನಲ್ಲಿ ಕಪ್ಪಿನ ಹತ್ತಿರ 230ರ ಆಸುಪಾಸು, ಆಫ್‌ನಲ್ಲಿ ಟೆಸ್ಟ್ ಲ್ಯಾಂಪಿಗೆ ಸೊನ್ನೆ. ಫ್ಯಾನ್ ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪ್ಲೇಟಿನ ಮೇಲೆ ಅಂಗೈಯ ಹಿಂಬದಿ ಇಟ್ಟರೆ ಬಿಸಿ ತಾಗಬಾರದು. ಐದೂ ಕಡೆ ತಣ್ಣಗಿತ್ತು. ಚಾವಡಿಯ ಫ್ಯಾನ್ ಆಮೇಲೆ ಬೀಪ್ ಎನ್ನಲಿಲ್ಲ.

ಮನೆಯ ಅಜ್ಜಿಗೆ ರಿಮೋಟ್ ಒಗ್ಗುವುದಿಲ್ಲ, ಗೋಡೆಯಲ್ಲೇ ತಿರುಗಿಸುವಂಥದ್ದು ಬೇಕು ಎಂದಿದ್ದರು. ಅದು ನ್ಯಾಯವಾದ ಬೇಡಿಕೆ. ಅವರ ಕೋಣೆಯ ಫ್ಯಾನ್ ಸ್ವಿಚ್ ಆಫ್-ಆನ್ ಮಾಡಿದಾಗ ಹಿಂದಿನ ವೇಗ ನೆನಪಿಟ್ಟುಕೊಳ್ಳುತ್ತದೆಯೇ ಎಂದು ನೋಡಿದೆವು, ನೆನಪಿಡುತ್ತದೆ. 3ರಲ್ಲಿ ಇಟ್ಟುಕೊಟ್ಟರೆ ಅವರಿಗೆ ಸ್ವಿಚ್ ಒಂದೇ ಸಾಕು. ರಿಮೋಟಿನ ಗೂಡನ್ನು ಮಂಚದ ತಲೆದಿಸೆಯ ಗೋಡೆಗೆ ಹೊಡೆದದ್ದಾಯಿತು. ಮುರಕಲ್ಲಿನ ಗಾರೆ ಗೋಡೆಯಲ್ಲಿ ಸ್ಕ್ರೂ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಪ್ಲಗ್ ನಿಲ್ಲದು, 8 ಮಿ.ಮೀ. ಪ್ಲಗ್ ಉದ್ದದ್ದೇ ಬೇಕು.

ಕಳಚಿದ ಐದರಲ್ಲಿ ಸ್ಟೆಪ್ ರೆಗ್ಯುಲೇಟರ್ ಎರಡು ಇನ್ನೂ ಚೆನ್ನಾಗಿದ್ದವು. ಹಳೇ ಫ್ಯಾನ್ ಇರುವ ಬೇರೆ ಮನೆಯಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಮನೆಯವರಿಗೇ ಕೊಟ್ಟೆವು. ಟ್ರಯಾಕಿನವು ಮತ್ತು ಕರಿ ಗೆರೆ ಬಿದ್ದ ಚಾವಡಿಯ ರೆಗ್ಯುಲೇಟರ್ ಮತ್ತೆ ಯಾವ ಗೋಡೆಗೂ ಏರದಿರಲಿ ಎಂದು ಟರ್ಮಿನಲ್ ಕತ್ತರಿಸಿ ಗುಜರಿಗೆ ಹಾಕಿಸಿದ್ದಾಯಿತು. ಮೇನ್ ಬೋರ್ಡಿನ ಬಾಗಿಲಿನ ಒಳಬದಿಗೆ, ಯಾವ ಫ್ಯಾನ್ ಯಾವ ಎಂಸಿಬಿ, ಯಾವುದು ಇನ್ವರ್ಟರಿನದ್ದು, ಯಾವ ಬೋರ್ಡಿನಲ್ಲಿ ರೆಗ್ಯುಲೇಟರ್ ತೆಗೆದು ನೇರ ಕೊಟ್ಟಿದೆ, ಯಾವುದರೊಳಗೆ ಕನೆಕ್ಟರ್ ಇದೆ ಎಂದು ಬರೆದ ಕಾಗದವನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದೆವು. ಮುಂದೆ ಯಾರಾದರೂ ಅಲ್ಲಿ ಮಾಮೂಲಿ ಫ್ಯಾನ್ ಹಾಕುವುದಾದರೆ ರೆಗ್ಯುಲೇಟರ್ ಮತ್ತೆ ಬೇಕಾಗುತ್ತದೆ, ಡಮ್ಮಿ ಪ್ಲೇಟಿನ ಹಿಂದೆ ಜಾಗ ಹಾಗೇ ಇದೆ ಎಂಬುದನ್ನೂ ಕೊನೆಯ ಸಾಲಿನಲ್ಲಿ ಸೇರಿಸಿದೆವು.